ರೈಲು ಬಾರದ ಹಳಿಯ ಮೇಲೆ

ಕಳೆದ ರಜೆಯಲ್ಲಿ ಸಕಲೇಶಪುರದ ಹತ್ತಿರವಿರುವ ಆಪಾಳ ಮನೆಗೆ ಹೋಗಿದ್ದೆ. ಮಧ್ಯಾಹ್ನದ ಊಟ ಮುಗಿಸಿ ನಾವಿಬ್ಬರೂ ಜಗಲಿಯಲ್ಲಿ ಹರಟುತ್ತಾ ಕುಳಿತಿದ್ದೆವು. ಡಿಪ್ಲೊಮಾ ಓದುತ್ತಿರುವ ಅವಳ ಮಗ ಮೊಬೈಲ್ ಹಿಡಿದುಕೊಂಡು ಬಂದ.

"ಖಾಲಾ, ಇದನ್ನೊಮ್ಮೆ ನೋಡಿ."

ಅಮೆರಿಕದ ಯಾವುದೋ ಕಾಡು. ಹುಲ್ಲು ಬೆಳೆದು ಅರ್ಧ ಮುಚ್ಚಿಹೋದ ರೈಲು ಹಳಿ. ಅದರ ಮೇಲೆ ಮರದ ಹಲಗೆಯ ಚೌಕಟ್ಟು, ಕೆಳಗೆ ನಾಲ್ಕು ಪುಟ್ಟ ಚಕ್ರಗಳು. ಚೌಕಟ್ಟಿಗೆ ಬಿಗಿದ ಒಂದು ಬ್ಯಾಟರಿ ಸೈಕಲ್. ಅದರ ಮೇಲೆ ಕುಳಿತವನು ಕೈಯಲ್ಲಿದ್ದ ಗುಂಡಿಯನ್ನು ಸ್ವಲ್ಪ ಒತ್ತಿದ. ಗಾಡಿ ಸದ್ದೇ ಇಲ್ಲದೆ ಹೊರಟುಬಿಟ್ಟಿತು. ಮರಗಳು ಎರಡೂ ಕಡೆ ಹಿಂದೆ ಸರಿದವು. ಒಂದು ಸೇತುವೆ ಬಂತು, ಕೆಳಗೆ ಹೊಳೆ. ಚುಕ್ಕಾಣಿ ತಿರುಗಿಸುವ ಗೋಜಿಲ್ಲ, ದಾರಿ ತಪ್ಪುವ ಭಯವಿಲ್ಲ. ಮಕ್ಕಳ ಹುಮ್ಮಸ್ಸು ಹಾಗಿರಲಿ, ಸತ್ಯ ಹೇಳಬೇಕೆಂದರೆ ನನಗೂ ಒಮ್ಮೆ ಹತ್ತಿ ಕೂರಬೇಕು ಎನಿಸಿತು.

"ನಾನೂ ಇಂಥದ್ದೊಂದು ಮಾಡ್ತೀನಿ ಖಾಲಾ. ಹಳೇ ಬ್ಯಾಟರಿ ಸೈಕಲ್ ಸಿಕ್ಕಿದೆ. ನಮ್ಮ ಕಡೆನೂ ರೈಲು ಓಡದ ಹಳಿ ಎಲ್ಲಾದರೂ ಇದ್ದೇ ಇರುತ್ತೆ."

ಅಲ್ಲಿಯವರೆಗೆ ಸುಮ್ಮನಿದ್ದ ಆಪಾ ಫೋನ್ ಕಡೆ ಬಗ್ಗಿ ನೋಡಿ ಒಂದೇ ಮಾತು ಕೇಳಿದಳು: "ಅದೆಲ್ಲಾ ಸರಿ, ಇದಕ್ಕೆ ಬ್ರೇಕ್ ಎಲ್ಲಿದೆ?"

ಹುಡುಗ ಮತ್ತೊಮ್ಮೆ ವೀಡಿಯೊ ನೋಡಿದ. ಉತ್ತರ ಸಿಗಲಿಲ್ಲ.

ಆಪಾಳ ಆ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು. ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವ ಎಷ್ಟೋ ಹುಡುಗರು ಇಂಥ ದೃಶ್ಯಗಳನ್ನು ದಿನವೂ ನೋಡುತ್ತಾರೆ. 'ಬೇಡ' ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸುವುದು ಸುಲಭ. ಆದರೆ ಯಾಕೆ ಬೇಡ, ಎಲ್ಲಿ ಬೇಡ, ಎಲ್ಲಾದರೆ ಪರವಾಗಿಲ್ಲ ಎಂದು ಹೇಳಬೇಕಾದರೆ ಮೊದಲು ನಮಗೆ ಗೊತ್ತಿರಬೇಕಲ್ಲವೇ? ಹಾಗೆಂದು ಹುಡುಕುತ್ತಾ ಹೋದಾಗ ಸಿಕ್ಕ ಸಂಗತಿಗಳು ಇಲ್ಲಿವೆ.

ಹಳಿಯ ಮೇಲೆ ಸೈಕಲ್: ಹಳೆಯ ಆಸೆ

ಇದು ಇಂದಿನ ಹುಡುಗರ ಹುಚ್ಚು ಎಂದು ತಿಳಿಯಬೇಡಿ. ಸುಮಾರು 150 ವರ್ಷಗಳ ಹಿಂದೆಯೇ ಅಮೆರಿಕದ ಮಿಷಿಗನ್ ರಾಜ್ಯದ ಥ್ರೀ ರಿವರ್ಸ್ ಊರಿನ ಜಾರ್ಜ್ ಶೆಫೀಲ್ಡ್ ಎಂಬವರು ಮನೆಯಲ್ಲೇ ಕುಳಿತು ಮೂರು ಚಕ್ರದ ಗಾಡಿಯೊಂದನ್ನು ಮಾಡಿದರು. ಎರಡು ಚಕ್ರ ಒಂದು ಹಳಿಯ ಮೇಲೆ, ಉದ್ದನೆಯ ಕೈಯೊಂದರ ತುದಿಯಲ್ಲಿದ್ದ ಪುಟ್ಟ ಚಕ್ರ ಇನ್ನೊಂದು ಹಳಿಯ ಮೇಲೆ. ಕೈಯಿಂದ ಸನ್ನೆಯನ್ನು ಹಿಂದೆ ಮುಂದೆ ಎಳೆದರೆ ಗಾಡಿ ಓಡುತ್ತಿತ್ತು. ಕೆಲಸ ಮುಗಿಸಿ ಮನೆಗೆ ನಡೆಯುವ ಶ್ರಮ ತಪ್ಪಿಸಿಕೊಳ್ಳಲು ಅವರು ರಾತ್ರಿ ಹೊತ್ತು ಕದ್ದು ಮುಚ್ಚಿ ರೈಲು ಹಳಿಯನ್ನು ಬಳಸುತ್ತಿದ್ದರಂತೆ.

ಒಂದು ರಾತ್ರಿ ಹೀಗೆ ಹೋಗುವಾಗ ಹಳಿ ಮುರಿದಿರುವುದು ಅವರಿಗೆ ತಿಳಿಯಿತು. ಎದುರಿನಿಂದ ಬರುತ್ತಿದ್ದ ರೈಲನ್ನು ನಿಲ್ಲಿಸಿದರು. ಅಪಘಾತ ತಪ್ಪಿತು, ಜೊತೆಗೆ ಅವರ ಗುಟ್ಟೂ ಬಯಲಾಯಿತು ಎಂದು ಅಲ್ಲಿಯವರು ಇಂದಿಗೂ ಕಥೆಯಾಗಿ ಹೇಳುತ್ತಾರೆ. ರೈಲ್ವೆಯವರು ಸಿಟ್ಟಾಗುವ ಬದಲು ಆ ಗಾಡಿಯನ್ನೇ ಮೆಚ್ಚಿಕೊಂಡರು. 1879ರಲ್ಲಿ ಶೆಫೀಲ್ಡ್ ಅದಕ್ಕೆ ಪೇಟೆಂಟ್ ಪಡೆದರು. ಹಳಿ ಪರೀಕ್ಷೆ ಮಾಡುವ ನೌಕರರಿಗಾಗಿ ಅಂಥ ಗಾಡಿಗಳ ಕಾರ್ಖಾನೆಯೇ ಶುರುವಾಯಿತು.

ನಮ್ಮ ದೇಶದಲ್ಲೂ ರೈಲು ಹಳಿಯ ಪಕ್ಕ ಬೆಳೆದವರಿಗೆ ಪುಶ್ ಟ್ರಾಲಿ ಪರಿಚಯವಿದ್ದೇ ಇರುತ್ತದೆ. ಕೊಡೆಯ ಕೆಳಗೆ ಇಂಜಿನಿಯರ್ ಕುಳಿತಿರುತ್ತಾರೆ. ಟ್ರಾಲಿಮ್ಯಾನ್‌ಗಳು ಹಳಿಯ ಮೇಲೆಯೇ ಓಡುತ್ತಾ ತಳ್ಳಿ, ವೇಗ ಬಂದೊಡನೆ ಹಾರಿ ಹತ್ತಿಕೊಳ್ಳುತ್ತಾರೆ. ಆದರೆ ಅವರು ಹೊರಡುವ ಮುನ್ನ ಯಾವ ರೈಲು ಎಲ್ಲಿದೆ ಎಂಬ ಲೆಕ್ಕ ಅವರ ಕೈಯಲ್ಲಿರುತ್ತದೆ. ವ್ಯತ್ಯಾಸ ಇರುವುದೇ ಅಲ್ಲಿ.

ಮಿಕ್ಸಿಗಿಂತ ಕಡಿಮೆ ಶಕ್ತಿ ಸಾಕು

ಒಂದು ಸೈಕಲ್ ಬ್ಯಾಟರಿ ಇಡೀ ಗಾಡಿಯನ್ನು ಎಳೆಯುವುದು ಹೇಗೆ? ನನಗೂ ಮೊದಲು ಆಶ್ಚರ್ಯವಾಗಿತ್ತು.

ಗುಟ್ಟು ಇರುವುದು ಉಕ್ಕಿನಲ್ಲಿ. ರಸ್ತೆಯ ಮೇಲೆ ಉರುಳುವಾಗ ರಬ್ಬರ್ ಟಯರ್ ಪ್ರತಿ ಸುತ್ತಿನಲ್ಲೂ ಅದುಮಿ ಮತ್ತೆ ಉಬ್ಬುತ್ತದೆ. ಶಕ್ತಿಯಲ್ಲಿ ಒಂದು ಪಾಲು ಅಲ್ಲೇ ಸೋರಿಹೋಗುತ್ತದೆ. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುವಾಗ ಎರಡೂ ಅದುಮುವುದಿಲ್ಲ. ರಸ್ತೆಯ ಮೇಲೆ ಕಾರಿನ ಟಯರ್ ಒಡ್ಡುವ ತಡೆಗೆ ಹೋಲಿಸಿದರೆ ಇಲ್ಲಿನ ತಡೆ ಬಹಳ ಕಡಿಮೆ. ಹೀಗಾಗಿ ಸಮತಟ್ಟಾದ ಹಳಿಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಒಂದಿಬ್ಬರನ್ನು ಹೊತ್ತೊಯ್ಯಲು 250 ವಾಟ್‌ನ ಮೋಟಾರು ಧಾರಾಳವಾಗಿ ಸಾಕು. ನಮ್ಮ ಅಡುಗೆಮನೆಯ ಮಿಕ್ಸಿ 500 ವಾಟ್‌ಗಿಂತ ಕಡಿಮೆ ಇರುವುದು ಅಪರೂಪ! ಸೈಕಲ್‌ಗೆ ಹಾಕುವ 48 ವೋಲ್ಟ್, 15 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹಿಡಿಸುವ ವಿದ್ಯುತ್ ಮುಕ್ಕಾಲು ಯೂನಿಟ್ಟಿಗಿಂತ ತುಸು ಕಡಿಮೆ.

ಚಕ್ರ ಹಳಿಯಿಂದ ಜಾರಿ ಬೀಳದಂತೆ ತಡೆಯುವುದು ಅದರ ಒಳಬದಿಯ ಎತ್ತರದ ಅಂಚು. ಅದಿಲ್ಲದ ಸಾದಾ ಚಕ್ರ ಮೊದಲ ತಿರುವಿನಲ್ಲೇ ಕೆಳಗಿಳಿಯುತ್ತದೆ. ಎರಡು ಹಳಿಗಳ ನಡುವಿನ ಅಂತರವೂ ಎಲ್ಲಾ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ 1,435 ಮಿಲಿಮೀಟರ್, ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್. ವೀಡಿಯೊ ನೋಡಿ ಅಳತೆ ಹಾಕಿದರೆ ಗಾಡಿ ಹಳಿಯ ಮೇಲೆ ಕೂರುವುದೇ ಇಲ್ಲ.

ಸಲೀಸಾಗಿ ಓಡುವುದು ಸಲೀಸಾಗಿ ನಿಲ್ಲದು

ಈಗ ಆಪಾಳ ಪ್ರಶ್ನೆಗೆ ಬರೋಣ. ಯಾವ ಗುಣದಿಂದ ಗಾಡಿ ಹಗುರಾಗಿ ಓಡುತ್ತದೋ ಅದೇ ಗುಣ ನಿಲ್ಲಿಸುವಾಗ ಶತ್ರುವಾಗುತ್ತದೆ. ನುಣುಪಾದ ಉಕ್ಕಿಗೆ ನುಣುಪಾದ ಉಕ್ಕಿನ ಹಿಡಿತ ಬಹಳ ಕಡಿಮೆ. ಮಳೆ ಬಿದ್ದಿದ್ದರೆ, ಹಳಿಯ ಮೇಲೆ ಒದ್ದೆ ಎಲೆಗಳಿದ್ದರೆ ಕೇಳುವುದೇ ಬೇಡ. ಗಂಟೆಗೆ 30 ಕಿಲೋಮೀಟರ್ ವೇಗದ ಗಾಡಿ ಒದ್ದೆ ಹಳಿಯಲ್ಲಿ ನಿಲ್ಲಲು 30-35 ಮೀಟರ್ ಬೇಕಾದೀತು. ಅದೂ ನಾಲ್ಕೂ ಚಕ್ರಗಳಿಗೆ ಬ್ರೇಕ್ ಇದ್ದರೆ. ಮನೆಯಲ್ಲಿ ಮಾಡಿದ ಗಾಡಿಗಳಲ್ಲಿ ಸೈಕಲ್‌ನ ಒಂದೇ ಚಕ್ರದ ಬ್ರೇಕನ್ನು ನಂಬಿ ಹೊರಡುವವರೂ ಇದ್ದಾರೆ.

ಇಳಿಜಾರಿನ ಮಾತು ಇನ್ನೂ ಬೇರೆ. ಐನೂರು ಅಡಿಗೆ ಒಂದಡಿ ಇಳಿಜಾರು ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಒಳ್ಳೆಯ ಚಕ್ರಗಳ ಗಾಡಿ ಅದಕ್ಕಿಂತ ತುಸು ಹೆಚ್ಚು ಇಳಿಜಾರು ಸಿಕ್ಕರೂ ತಾನಾಗಿ ಉರುಳುತ್ತಲೇ ಇರುತ್ತದೆ. ನಮ್ಮ ಸಕಲೇಶಪುರ ಘಾಟಿಯ ಹಳಿಯಲ್ಲಿ ಐವತ್ತು ಅಡಿಗೆ ಒಂದಡಿ ಇಳಿಜಾರು! ಅಲ್ಲಿ ಬ್ರೇಕ್ ಕೈಕೊಟ್ಟ ಗಾಡಿಯನ್ನು ಯಾರು ಹಿಡಿಯಬೇಕು?

ಇನ್ನೊಂದು ಸೂಕ್ಷ್ಮವಿದೆ. ಸಿಗ್ನಲ್ ಇರುವ ಎಷ್ಟೋ ಮಾರ್ಗಗಳಲ್ಲಿ ಹಳಿಗಳಲ್ಲೇ ಸಣ್ಣ ಪ್ರಮಾಣದ ವಿದ್ಯುತ್ ಹರಿಯುತ್ತಿರುತ್ತದೆ. ರೈಲಿನ ಚಕ್ರ, ಅಚ್ಚು ಎರಡೂ ಲೋಹವಾದ್ದರಿಂದ ಅವು ಎರಡು ಹಳಿಗಳನ್ನು ಜೋಡಿಸುತ್ತವೆ. 'ಇಲ್ಲಿ ರೈಲಿದೆ' ಎಂದು ಸಿಗ್ನಲ್‌ಗೆ ಗೊತ್ತಾಗುವುದು ಹಾಗೆ. ಪ್ಲಾಸ್ಟಿಕ್ ಅಥವಾ ರಬ್ಬರ್ ಚಕ್ರದ ಹಗುರ ಗಾಡಿ ಸಿಗ್ನಲ್ ಕಣ್ಣಿಗೆ ಬೀಳುವುದೇ ಇಲ್ಲ. ಲೋಹದ ಚಕ್ರವಾದರೆ ಯಾವುದೋ ಸಿಗ್ನಲ್ ಕೆಂಪಾಗಿ ಬರಬೇಕಾದ ರೈಲು ನಿಂತೀತು. ಎರಡರಲ್ಲಿ ಯಾವುದೂ ಆಟದ ಮಾತಲ್ಲ.

ಬಡವರ ಬಿದಿರಿನ ರೈಲು

ಹಾಗಾದರೆ ಮನೆಯಲ್ಲಿ ಮಾಡಿದ ರೈಲುಗಾಡಿ ಎಂದರೆ ಬರೀ ಅಪಾಯವೇ? ಇಲ್ಲ. ಒಂದು ನಾಡಿನ ಜನರನ್ನು ವರ್ಷಗಟ್ಟಲೆ ಸಲಹಿದ್ದೇ ಅಂಥ ಗಾಡಿ. ಅದು ಕಾಂಬೋಡಿಯ.

ಫ್ರೆಂಚರ ಆಳ್ವಿಕೆಯಲ್ಲಿ, 1930ರ ದಶಕದಲ್ಲಿ ರಾಜಧಾನಿ ನಾಮ್‌ಪೆನ್‌ನಿಂದ ಬಟ್ಟಂಬಾಂಗ್ ಕಡೆಗೆ ಮೀಟರ್‌ಗೇಜ್ ಹಳಿ ಹಾಕಲಾಯಿತು. 1975ರಿಂದ 1979ರವರೆಗೆ ಖಮೇರ್ ರೂಜ್‌ನ ಕ್ರೂರ ಆಡಳಿತ, ಅದರ ಹಿಂದೆ ಮುಂದೆ ವರ್ಷಾನುಗಟ್ಟಲೆ ಯುದ್ಧ. ಹಳಿಗಳು ಕಿತ್ತುಹೋದವು, ಸೇತುವೆಗಳು ಉರುಳಿದವು, ನೆಲದಲ್ಲಿ ಸಿಡಿಮದ್ದುಗಳು ಹುದುಗಿದ್ದವು. ಆಮೇಲೂ ಎಷ್ಟೋ ವರ್ಷ ರೈಲು ಓಡಿದಾಗ ಇಂಜಿನ್‌ಗಿಂತ ಮುಂದೆ ಖಾಲಿ ಬೋಗಿಗಳನ್ನು ತಳ್ಳಿಕೊಂಡು ಹೋಗುತ್ತಿದ್ದರು. ಸಿಡಿಮದ್ದು ಸಿಡಿದರೆ ಮೊದಲು ಅವಕ್ಕೆ ತಗಲಲಿ ಎಂದು. ಆ ಮೊದಲ ಬೋಗಿಯಲ್ಲಿ ಕೂರುವವರಿಗೆ ಪ್ರಯಾಣ ಉಚಿತ, ಎರಡನೆಯದರಲ್ಲಿ ಅರ್ಧ ದರ ಇತ್ತೆಂದು ಅಂದಿನವರು ನೆನೆಯುತ್ತಾರೆ. ಬಡತನ ಮನುಷ್ಯನನ್ನು ಎಲ್ಲಿ ಕೂರಿಸುತ್ತದೆ ನೋಡಿ!

ರಸ್ತೆಗಳಿಲ್ಲ, ರೈಲು ಬರುವುದೂ ಅಪರೂಪ. ಆಗ ಹಳ್ಳಿಗರು ಕಂಡುಕೊಂಡ ದಾರಿಯೇ 'ನೋರಿ'. ಲಾರಿ ಎಂಬ ಪದವೇ ಅವರ ಬಾಯಲ್ಲಿ ಹೀಗಾಯಿತು ಎನ್ನುತ್ತಾರೆ. ಮೂರು ಮೀಟರ್ ಉದ್ದದ ಮರದ ಚೌಕಟ್ಟು, ಅದರ ಮೇಲೆ ಬಿದಿರಿನ ತಡಿಕೆ, ಕೆಳಗೆ ಎರಡು ಜೊತೆ ಉಕ್ಕಿನ ಚಕ್ರ. ಮೊದಮೊದಲು ದೋಣಿಗೆ ಜಲ್ಲೆ ಹಾಕಿದಂತೆ ಕೋಲಿನಿಂದ ನೆಲಕ್ಕೆ ಒತ್ತಿ ಮುಂದೆ ಸಾಗುತ್ತಿದ್ದರು. ಆಮೇಲೆ ಸಣ್ಣ ಪೆಟ್ರೋಲ್ ಇಂಜಿನ್ ಬಂತು. ಇಂಜಿನ್‌ನಿಂದ ಅಚ್ಚಿಗೆ ಒಂದು ಬೆಲ್ಟು. ಅದನ್ನು ಬಿಗಿಸಿದರೆ ಗಾಡಿ ಹೊರಡುತ್ತದೆ, ಸಡಿಲಿಸಿದರೆ ನಿಧಾನವಾಗುತ್ತದೆ. ಅಕ್ಕಿ ಮೂಟೆ, ಕೋಳಿ, ಮೋಟಾರ್‌ಸೈಕಲ್, ಪೇಟೆಗೆ ಹೊರಟ ಹೆಂಗಸರು, ಆಸ್ಪತ್ರೆಗೆ ಹೋಗಬೇಕಾದ ರೋಗಿಗಳು ಎಲ್ಲರಿಗೂ ಅದೇ ಗತಿ.

ಇದ್ದದ್ದು ಒಂದೇ ಜೋಡಿ ಹಳಿ. ಎದುರಿನಿಂದ ಇನ್ನೊಂದು ನೋರಿ ಬಂದರೆ? ಅದಕ್ಕೂ ಅವರಲ್ಲಿ ಒಂದು ಕಟ್ಟುಪಾಡು ಇತ್ತು. ಕಡಿಮೆ ಹೊರೆ ಇರುವ ಗಾಡಿಯವರು ಇಳಿಯಬೇಕು. ತಡಿಕೆ ಎತ್ತಿ ಪಕ್ಕಕ್ಕಿಟ್ಟು, ಇಂಜಿನ್, ಅಚ್ಚು, ಚಕ್ರಗಳನ್ನು ಇಳಿಸಿ ಎದುರಿನವರಿಗೆ ದಾರಿ ಬಿಡಬೇಕು. ಇಬ್ಬರೂ ಚಾಲಕರು ಒಬ್ಬರಿಗೊಬ್ಬರು ಕೈ ಜೋಡಿಸುತ್ತಿದ್ದರು. ಕೆಲವೇ ನಿಮಿಷಗಳಲ್ಲಿ ಗಾಡಿ ಮತ್ತೆ ಹಳಿಯ ಮೇಲೆ ಸಿದ್ಧ. ಪೊಲೀಸರಿಲ್ಲ, ಸಿಗ್ನಲ್ ಇಲ್ಲ, ಜಗಳವೂ ಇಲ್ಲ!

ಮುಂದೆ ರಸ್ತೆಗಳಾದವು. ಊರ ಜನ ಬಸ್ಸು, ಬೈಕು ಹಿಡಿದರು. ಬಟ್ಟಂಬಾಂಗ್ ಬಳಿ ಸುಮಾರು ಏಳು ಕಿಲೋಮೀಟರ್ ದೂರದಲ್ಲಿ ನೋರಿ ಪ್ರವಾಸಿಗರ ಸವಾರಿಯಾಗಿ ಉಳಿಯಿತು. ಅಷ್ಟರಲ್ಲಿ ಸರಕಾರ ಹಳೆಯ ಮಾರ್ಗವನ್ನು ದುರಸ್ತಿ ಮಾಡತೊಡಗಿತು. 2017ರಲ್ಲಿ ಆ ಹಳಿಯ ಮೇಲಿನ ನೋರಿ ನಿಂತಿತು. 2018ರಲ್ಲಿ ನಿಜವಾದ ರೈಲು ಮತ್ತೆ ಬಟ್ಟಂಬಾಂಗ್‌ಗೆ ಬಂತು. ಬಿದಿರಿನ ಗಾಡಿಗಾಗಿ ಬನಾನ್ ಬೆಟ್ಟದ ಬಳಿ ಬೇರೆಯದೇ ಹಳಿ ಹಾಕಲಾಯಿತು. ರೈಲು ಬಾರದೆ ಹೋದಾಗ ಜನರ ಕೈಹಿಡಿದ ಗಾಡಿ, ರೈಲು ಬರುವಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಸುಮ್ಮನಿರುವ ಹಳಿ ಸತ್ತ ಹಳಿಯಲ್ಲ

ಕಾಂಬೋಡಿಯದ ಕಥೆಯಲ್ಲೇ ನಮ್ಮ ಹುಡುಗನಿಗೆ ಬೇಕಾದ ಪಾಠವಿದೆ. ಹುಲ್ಲು ಬೆಳೆದ ಮಾತ್ರಕ್ಕೆ ಹಳಿಗೆ ಯಜಮಾನರಿಲ್ಲ ಎಂದಲ್ಲ, ಅಲ್ಲಿ ಇನ್ನೆಂದೂ ರೈಲು ಬಾರದು ಎಂದೂ ಅಲ್ಲ.

ವೀಡಿಯೊದ ಅಮೆರಿಕವನ್ನೇ ನೋಡಿ. 1916ರಲ್ಲಿ ಅಲ್ಲಿ ಸುಮಾರು ನಾಲ್ಕು ಲಕ್ಷ ಕಿಲೋಮೀಟರ್ ರೈಲು ಮಾರ್ಗವಿತ್ತು. ಹೆದ್ದಾರಿಗಳೂ ಟ್ರಕ್ಕುಗಳೂ ಹೆಚ್ಚಿದಂತೆ ಒಂದೊಂದೇ ಮಾರ್ಗ ಮುಚ್ಚುತ್ತಾ ಬಂದು ಈಗ ಉಳಿದಿರುವುದು ಎರಡೂಕಾಲು ಲಕ್ಷ ಕಿಲೋಮೀಟರ್ ಆಸುಪಾಸು. ಹಾಗಾಗಿ ಅಲ್ಲಿ ಖಾಲಿ ಬಿದ್ದ ಹಳಿಗಳಿಗೆ ಬರವಿಲ್ಲ. ಆದರೆ ರೈಲು ನಿಂತ ದಿನವೇ ಮಾರ್ಗ ಕೈಬಿಟ್ಟಂತೆ ಆಗುವುದಿಲ್ಲ. ಅದಕ್ಕೆ ಅಲ್ಲಿನ ಭೂಸಾರಿಗೆ ಮಂಡಳಿಯ ಒಪ್ಪಿಗೆ ಬೇಕು. ಮುಂದೆಂದಾದರೂ ರೈಲಿಗೆ ಬೇಕಾದೀತು ಎಂದು ಹಳೆಯ ಮಾರ್ಗವನ್ನು ಜೋಪಾನವಾಗಿಡುವ ಏರ್ಪಾಟನ್ನು 1983ರಲ್ಲಿ ಕಾನೂನಿಗೇ ಸೇರಿಸಿದರು. ಕಾನೂನಿನ ಪ್ರಕಾರ ಕೈಬಿಟ್ಟ ನಂತರವೂ ನೆಲಕ್ಕೆ ಯಾರಾದರೂ ಒಡೆಯರು ಇದ್ದೇ ಇರುತ್ತಾರೆ. ಅಪ್ಪಣೆಯಿಲ್ಲದೆ ಗಾಡಿ ಓಡಿಸುವವರು ಬೇರೆಯವರ ಅಂಗಳಕ್ಕೆ ನುಗ್ಗಿದಂತೆಯೇ.

ಕ್ಯಾಲಿಫೋರ್ನಿಯದ ಮರುಭೂಮಿಯ ಕಣಿವೆಯೊಂದರಲ್ಲಿ ಗೋಟ್ ಕ್ಯಾನ್ಯನ್ ಸೇತುವೆ ಇದೆ. ಪೂರ್ತಿ ಮರದ್ದು, ಬಾಗಿದ ಆಕಾರದ್ದು. ಎತ್ತರ ಐವತ್ತೈದು ಮೀಟರಿಗೂ ಹೆಚ್ಚು, ಉದ್ದ ಸುಮಾರು ಇನ್ನೂರು ಮೀಟರ್. 1930ರ ದಶಕದ ಆ ಸೇತುವೆಯ ಮೇಲೆ ರೈಲು ಓಡದೆ ವರ್ಷಗಳಾಗಿವೆ. ಅಲ್ಲಿಗೆ ಹೋಗುವುದು ನಿಷಿದ್ಧ. ಆದರೂ ಕದ್ದು ಹೋಗುವವರಿದ್ದಾರೆ. ಗೆದ್ದಲು ತಿಂದ ಸ್ಲೀಪರ್ ಯಾವುದು, ಮಳೆಗೆ ಜಲ್ಲಿ ಕೊಚ್ಚಿಹೋಗಿ ಗಾಳಿಯಲ್ಲಿ ನೇತಾಡುವ ಹಳಿ ಎಲ್ಲಿದೆ, ಸುರಂಗದೊಳಗೆ ಕಲ್ಲು ಬಿದ್ದಿದೆಯೇ ಎಂಬುದನ್ನು ಮೊದಲು ಹೋಗಿ ನೋಡಿದವರಿಲ್ಲದ ದಾರಿ ಅದು. ವೀಡಿಯೊದಲ್ಲಿ ಕಾಣುವುದು ಸುರಕ್ಷಿತವಾಗಿ ಮರಳಿ ಬಂದವರ ಸವಾರಿ ಮಾತ್ರ.

ಅಷ್ಟು ದೂರ ಏಕೆ, ನಮ್ಮ ಮಂಗಳೂರು-ಹಾಸನ ಮಾರ್ಗವೇ ಇದೆಯಲ್ಲ! 1979ರಲ್ಲಿ ಆರಂಭವಾದ ಈ ಮೀಟರ್‌ಗೇಜ್ ಮಾರ್ಗವನ್ನು ಬ್ರಾಡ್‌ಗೇಜ್ ಮಾಡಲು 1996ರಲ್ಲಿ ಮುಚ್ಚಲಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ರೈಲು ನಿಂತ ಆ ವರ್ಷಗಳಲ್ಲಿ ಊರೂರಿನಿಂದ ಚಾರಣಿಗರು ಬಂದು ಹಳಿಯ ಮೇಲೆ ನಡೆದರು. ಅವರ ಪಾಲಿಗೆ ಅದೊಂದು ಕಾಡುದಾರಿಯಾಗಿಬಿಟ್ಟಿತ್ತು. ಆದರೆ 2006ರಲ್ಲಿ ಅದೇ ಹಳಿಯ ಮೇಲೆ ಸರಕು ರೈಲು ಬಂತು, 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲೂ ಬಂತು. ಸುರಂಗದ ನಡುವೆ ಇರುವಾಗ ರೈಲು ಬಂದರೆ ಓಡಲು ಜಾಗವಿಲ್ಲ. ಅಪ್ಪಣೆಯಿಲ್ಲದೆ ರೈಲ್ವೆ ಜಾಗಕ್ಕೆ ಕಾಲಿಡುವುದು 1989ರ ರೈಲ್ವೆ ಕಾಯ್ದೆಯ 147ನೇ ವಿಧಿಯಂತೆ ಅಪರಾಧವೂ ಹೌದು. ನಡೆಯುವುದಕ್ಕೇ ಹೀಗಿರುವಾಗ ಗಾಡಿ ಓಡಿಸುವ ಮಾತೆಲ್ಲಿ?

ಅಪ್ಪಣೆ ಪಡೆದ ಸವಾರಿ

ಹಾಗಾದರೆ ಈ ಆಸೆಗೆ ದಾರಿಯೇ ಇಲ್ಲವೇ? ಇದೆ. ಕೊರಿಯದವರು ಅದನ್ನು ಚೆನ್ನಾಗಿ ತೋರಿಸಿಕೊಟ್ಟಿದ್ದಾರೆ.

ದಕ್ಷಿಣ ಕೊರಿಯದ ಜಂಗ್‌ಸನ್ ಕಲ್ಲಿದ್ದಲಿನ ನಾಡು. 1980ರ ದಶಕದ ಕೊನೆಯಿಂದ ಅಲ್ಲಿ ಗಣಿಗಳು ಒಂದೊಂದಾಗಿ ಮುಚ್ಚಿದವು. ಕೆಲಸ ಹೋಯಿತು, ಜನ ಗುಳೆ ಹೋದರು, ಕಲ್ಲಿದ್ದಲು ಸಾಗಿಸುತ್ತಿದ್ದ ರೈಲು ಹಳಿ ಖಾಲಿಯಾಯಿತು. 2005ರಲ್ಲಿ ಗುಜೊಲ್‌ರಿಯಿಂದ ಅವುರಾಜಿವರೆಗಿನ 7.2 ಕಿಲೋಮೀಟರ್ ಹಳಿಯ ಮೇಲೆ ತುಳಿಯುವ ಗಾಡಿಗಳನ್ನು ಬಿಟ್ಟರು. ಇಬ್ಬರು ಕೂರುವ ಗಾಡಿ, ನಾಲ್ವರ ಕುಟುಂಬ ಕೂರುವ ಗಾಡಿ ಎರಡೂ ಇವೆ. ಹೋಗುವಾಗ ಹೆಚ್ಚಾಗಿ ಇಳಿಜಾರು. ಅಜ್ಜ-ಅಜ್ಜಿ, ಮಕ್ಕಳು ಎಲ್ಲರೂ ಹೊಳೆ, ಹೊಲ, ಸುರಂಗ ನೋಡುತ್ತಾ ತುಳಿಯುತ್ತಾರೆ. ಮರಳುವಾಗ ಪುಟ್ಟ ರೈಲಿನಲ್ಲಿ ಬರುತ್ತಾರೆ. ಹಳೆಯ ರೈಲು ಬೋಗಿಗಳನ್ನೇ ಮಿಡತೆಯಾಕಾರದಲ್ಲಿ ಜೋಡಿಸಿ ಉಪಾಹಾರ ಮಂದಿರ ಮಾಡಿದ್ದಾರೆ. ಗಣಿಯಿಂದ ಬರಿದಾದ ಊರಿಗೆ ಮತ್ತೆ ಜನ ಬರತೊಡಗಿದರು. ಅದನ್ನು ನೋಡಿ ಕೊರಿಯದ ಬೇರೆ ಊರುಗಳೂ ತಮ್ಮ ಹಳೆಯ ಹಳಿಗಳಿಗೆ ಇದೇ ದಾರಿ ಹಿಡಿದವು.

ಅಮೆರಿಕದ ಫೋರ್ಟ್ ಬ್ರಾಗ್ ಊರಿನ 'ಸ್ಕಂಕ್ ಟ್ರೈನ್' 1885ರಷ್ಟು ಹಳೆಯದು. ಸ್ಕಂಕ್ ಎಂದರೆ ದುರ್ವಾಸನೆ ಸೂಸುವ ಒಂದು ಪ್ರಾಣಿ. 1925ರಲ್ಲಿ ಅಲ್ಲಿ ಪೆಟ್ರೋಲ್ ಬೋಗಿಗಳು ಬಂದಾಗ ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಬಡಿಯುತ್ತಿದ್ದವಂತೆ, ಅದಕ್ಕೇ ಆ ಹೆಸರು! 2015ರಲ್ಲಿ ಸುರಂಗವೊಂದು ಕುಸಿದು ಮಾರ್ಗ ನಡುವೆಯೇ ತುಂಡಾಯಿತು. ಈಗ ಅದರ ಒಂದು ತುದಿಯಲ್ಲಿ ಭಾರೀ ಮರಗಳ ಕಾಡಿನೊಳಗೆ ಇಬ್ಬರು ಕೂರುವ ಗಾಡಿಗಳು ಓಡುತ್ತವೆ. ತುಳಿಯುವವರಿಗೆ ದಣಿವಾಗದಂತೆ ವಿದ್ಯುತ್ ಮೋಟಾರಿನ ನೆರವೂ ಇದೆ. ಹೊಗೆಯಿಲ್ಲ, ವಾಸನೆಯಿಲ್ಲ.

ನಮ್ಮ ಹುಡುಗ ತೋರಿಸಿದ ಗಾಡಿಗೂ ಇವಕ್ಕೂ ಮೋಟಾರಿನಲ್ಲಿ, ಬ್ಯಾಟರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಹಳಿಯ ಒಡೆಯರ ಒಪ್ಪಿಗೆಯಲ್ಲಿ, ಹಳಿಯನ್ನು ಪರೀಕ್ಷಿಸುವವರಲ್ಲಿ, ಎದುರಿನಿಂದ ಏನೂ ಬಾರದು ಎಂಬ ಖಾತ್ರಿಯಲ್ಲಿ, ಮತ್ತೆ ಒಳ್ಳೆಯ ಬ್ರೇಕಿನಲ್ಲಿ.

ಮನೆಯಲ್ಲಿ ಇಂಥ ಹುಡುಗನಿದ್ದರೆ

ಕೈಯಲ್ಲಿ ಸ್ಪ್ಯಾನರ್ ಹಿಡಿದ ಮಗನನ್ನು ಗದರಿಸಬೇಡಿ. ಇಡೀ ದಿನ ಬೇರೆಯವರ ಸಾಹಸ ನೋಡುತ್ತಾ ಕೂರುವುದಕ್ಕಿಂತ ತಾನೇ ಏನಾದರೂ ಮಾಡುತ್ತೇನೆ ಎನ್ನುವುದು ಎಷ್ಟೋ ಮೇಲು. ಆದರೆ ಕೆಲವು ಪ್ರಶ್ನೆ ಕೇಳಿ. ಇದು ಯಾರ ಜಾಗ? ಕೇಳಿದ್ದೀಯಾ? ಇದನ್ನು ನಿಲ್ಲಿಸುವುದು ಹೇಗೆ? ಬ್ಯಾಟರಿಯ ವೈರಿಂಗನ್ನು ಬಲ್ಲವರು ಯಾರಾದರೂ ನೋಡಿದ್ದಾರಾ? ಲಿಥಿಯಂ ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜ್‌ಗೆ ಹಾಕಿ ಎಲ್ಲರೂ ಮಲಗುವುದು ಬೇಡ. ಹೊಂದದ ಚಾರ್ಜರ್ ಬಳಸುವುದಂತೂ ಬೇಡವೇ ಬೇಡ. ಬೆಂಕಿ ಹತ್ತಿದರೆ ಅದು ಸುಲಭವಾಗಿ ಆರುವುದಿಲ್ಲ.

ಇಷ್ಟನ್ನೂ ನಾನು ಹುಡುಗನಿಗೆ ಹೇಳಿದೆ. ಮುಖ ಸಣ್ಣದು ಮಾಡಿಕೊಂಡು ಎದ್ದುಹೋದ. ಸಂಜೆ ಕಾಫಿ ಕಣದ ಕಡೆ ಒಬ್ಬನೇ ನಿಂತಿದ್ದ. ಕಣದಲ್ಲಿ ಒಣಗಿದ ಕಾಫಿಯನ್ನು ಕೆಲಸದ ಹೆಂಗಸರು ಮೂಟೆ ಕಟ್ಟಿ, ಇಬ್ಬಿಬ್ಬರು ಸೇರಿ ಗೋದಾಮಿಗೆ ಹೊತ್ತು ಸಾಗಿಸುತ್ತಿದ್ದರು. ನಡುವೆ ಎಪ್ಪತ್ತು ಎಂಬತ್ತು ಅಡಿ ದೂರವಿದ್ದೀತು.

"ಖಾಲಾ, ಇಲ್ಲಿ ನಾನೇ ಹಳಿ ಹಾಕಿದರೆ?" ಎಂದ. "ಕಬ್ಬಿಣದ ಆಂಗಲ್ ಇಟ್ಟರೆ ಸಾಕು. ಮೂಟೆ ಗಾಡಿಯಲ್ಲೇ ಹೋಗುತ್ತೆ. ಜಾಗ ನಮ್ಮದು, ಯಾರನ್ನೂ ಕೇಳಬೇಕಾಗಿಲ್ಲ."

"ನನ್ನನ್ನು ಕೇಳಬೇಕು" ಎಂದಳು ಹಿಂದಿನಿಂದ ಬಂದ ಆಪಾ. ಆದರೆ ಬೇಡ ಎನ್ನಲಿಲ್ಲ.

ಮೊನ್ನೆ ಫೋನ್ ಮಾಡಿದ್ದ. ಕೆಲಸ ಎಲ್ಲಿಗೆ ಬಂತು ಎಂದು ಕೇಳಿದೆ.

"ಚಕ್ರ ಇನ್ನೂ ಬಂದಿಲ್ಲ ಖಾಲಾ" ಎಂದ. "ಬ್ರೇಕ್ ಮೊದಲೇ ಮಾಡಿಟ್ಟಿದ್ದೀನಿ. ಇಲ್ಲದಿದ್ರೆ ಅಮ್ಮಿ ಹಳಿ ಹಾಕೋಕೆ ಬಿಡಲ್ಲ."